ಕ್ಯೋಟೋದಲ್ಲಿ ಕೈಸೆಕಿ ಊಟಕ್ಕೆ ಕರೆದಿದ್ದಾರೆ, ನಾವು ಸಸ್ಯಾಹಾರಿಗಳು: ಏನು ಮಾಡೋಣ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ, ವಯಸ್ಸು 63. ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ನವೆಂಬರ್ ಮಧ್ಯದಲ್ಲಿ ನಾನೂ ನಮ್ಮ ಯಜಮಾನರೂ ಮೊದಲ ಸಲ ಜಪಾನಿಗೆ ಹೊರಟಿದ್ದೇವೆ. ಮಗನ ಮೇಲಧಿಕಾರಿ ದಂಪತಿ ನಮ್ಮನ್ನು ಕ್ಯೋಟೋದ ಒಂದು ಕೈಸೆಕಿ ಹೋಟೆಲಿಗೆ, ಅಂದರೆ ಒಂದಾದ ಮೇಲೊಂದು ಬಟ್ಟಲು ಬರುವ ಜಪಾನಿ ಔತಣದ ಹೋಟೆಲಿಗೆ, ರಾತ್ರಿ ಊಟಕ್ಕೆ ಕರೆದಿದ್ದಾರೆ. ಅಲ್ಲಿ ಕೂರುವುದು ಎಂಟೇ ಜನವಂತೆ. ನಾವಿಬ್ಬರೂ ಹುಟ್ಟಾ ಸಸ್ಯಾಹಾರಿಗಳು, ಹಾಲು ಮೊಸರು ಆಗುತ್ತದೆ, ಮೊಟ್ಟೆ ಇಲ್ಲ. "ಮೀನಿನ ತುಂಡು ಬಂದ್ರೆ ನನಗೆ ದಾಟಿಸಿಬಿಡಮ್ಮ, ಮಿಕ್ಕಿದ್ದೆಲ್ಲ ತರಕಾರಿ, ತೋಫು. ಈಗ ಹೋಗಿ ಅದು ಬೇಡ ಇದು ಬೇಡ ಅಂದ್ರೆ ಅವರಿಗೆ ಅವಮಾನ ಆಗುತ್ತೆ" ಅನ್ನುತ್ತಾನೆ ಮಗ. ನಮ್ಮ ನೆಂಟರೊಬ್ಬರು "ಕೈಸೆಕಿ ಅಂದರೆ ಬೌದ್ಧ ಸನ್ಯಾಸಿಗಳ ಊಟ, ಹೆದರಬೇಡಿ" ಎಂದರು. ಇನ್ನೊಬ್ಬರು "ಚಿಟಿಕೆ ಚಿಟಿಕೆ ಬಡಿಸುತ್ತಾರೆ, ಹೊಟ್ಟೆ ತುಂಬಲ್ಲ, ಚಟ್ನಿಪುಡಿ ಇಟ್ಟುಕೊಳ್ಳಿ" ಎಂದರು. ಯಜಮಾನರಿಗೆ ಮಂಡಿ ನೋವು, ನೆಲಕ್ಕೆ ಕೂರಲಾಗದು. ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯಲೇಬೇಕಂತೆ, ಹೌದೇ? ಹೋಗುವುದೋ ಬಿಡುವುದೋ ತಿಳಿಯುತ್ತಿಲ್ಲ.

ಉತ್ತರ: ಹೋಗಿ. ಆದರೆ ಹೋಗುವ ಮೊದಲು, ಅಂದರೆ ಈ ವಾರವೇ, ಮಗನಿಂದ ಆ ಮೇಲಧಿಕಾರಿಗೆ ಒಂದು ಮಾತು ಹೇಳಿಸಿ. ಆ ಮಾತನ್ನು ಹೇಗೆ ಹೇಳಬೇಕು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾನು ಕ್ಯೋಟೋದ ಇಂಥದ್ದೇ ಒಂದು ಸಣ್ಣ ಅಡುಗೆಮನೆಯಲ್ಲಿ ಮೂರು ವರ್ಷ ಮೂಲಂಗಿ ಹೆರೆದವನು. ಆಮೇಲಿನ ಹನ್ನೆರಡು ವರ್ಷ ಭಾರತದಿಂದ ಬರುವವರಿಗೆ ಇಲ್ಲಿನ ಹೋಟೆಲುಗಳಲ್ಲಿ ಜಾಗ ಕಾದಿರಿಸಿ ಕೊಡುವುದು, ಜೊತೆಗೆ ಕೂತು ಮಾತು ದಾಟಿಸುವುದು ನನ್ನ ಕೆಲಸ. ನಿಮ್ಮ ಮಗ ಹೇಳಿದ ಉಪಾಯವನ್ನು ನಾನೂ ಒಂದು ಕಾಲದಲ್ಲಿ ಸರಿ ಅಂದುಕೊಂಡಿದ್ದೆ, ಕೈ ಸುಟ್ಟುಕೊಂಡೆ.

ಹುಬ್ಬಳ್ಳಿ ಕಡೆಯ ದಂಪತಿಗಾಗಿ ಒಂದು ಹೋಟೆಲಿಗೆ ಫೋನ್ ಮಾಡಿ "ಮಾಂಸ ಬೇಡ, ಮೀನು ಬೇಡ" ಅಂದಿದ್ದೆ. ಸಂತೋಷವಾಗಿ ಒಪ್ಪಿದರು. ರಾತ್ರಿ ಊಟದಲ್ಲಿ ಮೂರನೆಯದಾಗಿ ಮುಚ್ಚಳದ ಬಟ್ಟಲು ಬಂತು. ಒಳಗೆ ನೀರಿನಷ್ಟು ತಿಳಿಯಾದ ಸಾರು, ಅದರಲ್ಲಿ ಮಡಿಚಿಟ್ಟ ಸೋಯಾ ಹಾಲಿನ ಕೆನೆ, ಮೇಲೆ ಯೂಜು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಒಂದು ಚೂರು. ಆ ತಾಯಿ ಅರ್ಧ ಬಟ್ಟಲು ಕುಡಿದು, "ಇಷ್ಟು ರುಚಿ ಎಲ್ಲಿಂದ ಬಂತು ಕೇಳಿ ನೋಡಿ" ಅಂದರು. ಕೇಳಿದೆ. ಅಡುಗೆಯವರು ಖುಷಿಯಿಂದ ಒಳಗೆ ಹೋಗಿ ಕಂದು ಬಣ್ಣದ ಒಂದು ತುಂಡು ತಂದು ಹಲಗೆಯ ಮೇಲೆ ಟಕ್ಕೆಂದು ಇಟ್ಟರು. ನೋಡಲು ಸೌದೆ ಚಕ್ಕೆಯ ಹಾಗೆ. ಅದು ಕತ್ಸುಓಬುಶಿ. ಬೇಯಿಸಿ, ಹೊಗೆ ಹಿಡಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೀನು. ಆ ತಾಯಿ ಬಟ್ಟಲನ್ನು ಕೆಳಗಿಟ್ಟರು, ಆಮೇಲೆ ಏನನ್ನೂ ಮುಟ್ಟಲಿಲ್ಲ. ಹೋಟೆಲಿನವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ತಪ್ಪು ನನ್ನದು, ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ನಿಮ್ಮ ನಿಜವಾದ ತೊಡಕು ಇರುವುದು ಇಲ್ಲಿ. ಹಸಿ ಮೀನಿನ ತುಂಡು ಕಣ್ಣಿಗೆ ಕಾಣುತ್ತದೆ, ಬದಿಗಿಡಬಹುದು. ಸಾರಿನ ನೀರೇ ಮೀನಿನದಾದರೆ ಏನನ್ನು ಬದಿಗಿಡುತ್ತೀರಿ? ಈ ನೀರಿಗೆ ದಾಶಿ ಎನ್ನುತ್ತಾರೆ. ಕೈಸೆಕಿಯ ಬೆನ್ನೆಲುಬು ಅದು. ಸಾರಿಗಷ್ಟೇ ಅಲ್ಲ, ಗೆಡ್ಡೆ ಬೇಯಿಸುವುದು ಅದರಲ್ಲಿ, ಬಸಿದ ಸೊಪ್ಪನ್ನು ನೆನೆಸಿಡುವುದು ಅದರಲ್ಲಿ, ಕರಿದದ್ದಕ್ಕೆ ನೆಂಚಿಕೊಳ್ಳುವ ರಸಕ್ಕೆ ಅದು, ಎಷ್ಟೋ ಸಲ ಅನ್ನ ಮಾಡುವುದೂ ಅದರಲ್ಲೇ. ಹುಳಿ ಪೋನ್‌ಜು ರಸದಲ್ಲಿ, ಕೆಲವು ಉಪ್ಪಿನಕಾಯಿಗಳಲ್ಲಿ ಸಹ ಕತ್ಸುಓಬುಶಿ ಇರುತ್ತದೆ. ನಿಮ್ಮ ಮಗ ಹೇಳುವ "ಮಿಕ್ಕಿದ್ದೆಲ್ಲ ತರಕಾರಿ" ಕಣ್ಣಿಗೆ ತರಕಾರಿಯೇ, ಸುಳ್ಳಲ್ಲ. ಬೆಂದ ನೀರು ಬೇರೆ, ಅಷ್ಟೆ.

ನಮ್ಮ ಮೂಗು ಇಲ್ಲಿ ಮೋಸ ಹೋಗುತ್ತದೆ. ಕರಾವಳಿಯ ಒಣಮೀನಿನ ವಾಸನೆ ಬೀದಿಯ ತುದಿಯಿಂದಲೇ ಗೊತ್ತಾಗುತ್ತದೆ, ದಾಶಿಯಲ್ಲಿ ಹಾಗೇನೂ ಇಲ್ಲ. ತುಸು ಹೊಗೆ, ತುಸು ಸಿಹಿ, ಹೆಸರಿಡಲಾಗದ ಒಂದು ತುಂಬುರುಚಿ. ಹುಟ್ಟಾ ಸಸ್ಯಾಹಾರಿಗಳೇ ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಇನ್ನೊಂದು ಸಂಗತಿ: ಇಲ್ಲಿನ ಅನೇಕರ ಲೆಕ್ಕದಲ್ಲಿ "ಮೀನು" ಅಂದರೆ ತಟ್ಟೆಯ ಮೇಲಿನ ಮೀನು. ದಾಶಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಒಗ್ಗರಣೆಯನ್ನು ನಾವು "ಎಣ್ಣೆ ತಿಂದೆ" ಎನ್ನುವುದಿಲ್ಲವಲ್ಲ, ಹಾಗೆ. "ಸಸ್ಯಾಹಾರಿ" ಎಂದು ಹೇಳಿದರೂ, "ಮೀನು ಬೇಡ" ಎಂದರೂ ಕೆಲಸ ಕೆಡುವುದು ಈ ಕಾರಣಕ್ಕೆ. ಯಾರೂ ನಿಮಗೆ ಸುಳ್ಳು ಹೇಳುತ್ತಿರುವುದಿಲ್ಲ.

ಈಗ ಸನ್ಯಾಸಿಗಳ ಊಟದ ಮಾತು. ನಿಮ್ಮ ನೆಂಟರು ಕೇಳಿದ್ದು ಪೂರ್ತಿ ಸುಳ್ಳಲ್ಲ, ಎರಡು ಬೇರೆ ಊಟಗಳು ಅವರ ತಲೆಯಲ್ಲಿ ಬೆರೆತಿವೆ. ಕೈಸೆಕಿ ಎಂಬ ಉಚ್ಚಾರಕ್ಕೆ ಜಪಾನಿ ಲಿಪಿಯಲ್ಲಿ ಎರಡು ಬರಹಗಳಿವೆ. ಒಂದರ ಅರ್ಥ "ಎದೆಯೊಳಗಿನ ಕಲ್ಲು": ಹಸಿವು ತಡೆಯಲು ಜೆನ್ ಸನ್ಯಾಸಿಗಳು ಬಿಸಿ ಮಾಡಿದ ಕಲ್ಲನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಳ್ಳುತ್ತಿದ್ದರು ಎಂಬ ಕತೆಯಿಂದ ಬಂದದ್ದು. ಇದು ಚಹಾಗೋಷ್ಠಿಗೆ ಮುಂಚೆ ಬಡಿಸುವ ಚಿಕ್ಕ ಊಟ. 16ನೇ ಶತಮಾನದಲ್ಲಿ ಸೆನ್ ನೋ ರಿಕ್ಯೂ ಎಂಬ ಚಹಾಗುರು ಆಡಂಬರ ಕಿತ್ತುಹಾಕಿ ರೂಪಿಸಿದ ಸರಳ ಚಹಾಕ್ರಮಕ್ಕೆ ಅಂಟಿಕೊಂಡು ಬೆಳೆದದ್ದು. ಕಲ್ಲಿನ ಬರಹ ಬಳಕೆಗೆ ಬಂದದ್ದು ಅವನು ಹೋದ ಎಷ್ಟೋ ವರ್ಷಗಳ ಮೇಲೆ. ಇನ್ನೊಂದು ಬರಹದ ಅರ್ಥ "ಕೂಟದ ಪಂಕ್ತಿ", ಅಂದರೆ ಸಾಕೆಯ ಜೊತೆ ನಿಧಾನಕ್ಕೆ ನಡೆಯುವ ಔತಣ. ಇವತ್ತು ಎಂಟು ಆಸನದ ಹೋಟೆಲುಗಳಲ್ಲಿ ಸಿಗುವುದು ಎರಡೂ ಬೆರೆತ ಊಟ. ಎರಡರಲ್ಲೂ ಮೀನಿದೆ. ಚಹಾದ ಊಟದಲ್ಲೇ ಒಂದು ಘಟ್ಟದಲ್ಲಿ ಸುಮಾರು 24 ಸೆಂಟಿಮೀಟರಿನ ಚೌಕ ದೇವದಾರು ತಟ್ಟೆಯಲ್ಲಿ "ಕಡಲಿನದೊಂದು, ಬೆಟ್ಟದ್ದೊಂದು" ಇಟ್ಟು ತರುತ್ತಾರೆ. ಕಡಲಿಲ್ಲದೆ ಅದು ಪೂರ್ತಿಯಾಗುವುದಿಲ್ಲ.

ಸನ್ಯಾಸಿಗಳು ನಿಜಕ್ಕೂ ಉಣ್ಣುವುದು ಶೋಜಿನ್ ರ್‍ಯೋರಿ. ಅದು ಬೇರೆ ಪರಂಪರೆ. ಸೋತೋ ಜೆನ್ ಪಂಥ ಕಟ್ಟಿದ ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗೆಂದೇ ಸೂಚನೆಗಳನ್ನು ಬರೆದಿಟ್ಟ. ಅಲ್ಲಿ ಮಾಂಸ ಮೀನು ಹೋಗಲಿ, ಈರುಳ್ಳಿ ಬೆಳ್ಳುಳ್ಳಿ ಕುಲದ ಘಾಟು ತರಕಾರಿಗಳೂ ನಿಷಿದ್ಧ. "ಘಾಟು ಸೊಪ್ಪಿಗೂ ಮದ್ಯಕ್ಕೂ ಈ ಬಾಗಿಲೊಳಗೆ ಪ್ರವೇಶವಿಲ್ಲ" ಎಂದು ಕೆತ್ತಿದ ಕಲ್ಲನ್ನು ಈಗಲೂ ಹಲವು ಜೆನ್ ಮಠಗಳ ಹೆಬ್ಬಾಗಿಲಲ್ಲಿ ಕಾಣಬಹುದು. ಮಠದ ಪಂಕ್ತಿಯಲ್ಲಿ ಉಂಡವರಿಗೆ, ಜೈನರ ಮನೆಯಲ್ಲಿ ಉಂಡವರಿಗೆ ಆ ಕಲ್ಲಿನ ಮುಂದೆ ನಿಂತಾಗ ಹೊರದೇಶ ಅನ್ನಿಸುವುದಿಲ್ಲ.

ಹಾಗಾದರೆ ಕೈಸೆಕಿಯವರೇ ನಿಮಗೆ ಒಂದು ತರಕಾರಿ ಊಟ ಮಾಡಿ ಕೊಡಬಾರದೇಕೆ? ಎಷ್ಟೋ ಜನ ಇದನ್ನು ಗರ್ವ ಅಂದುಕೊಳ್ಳುತ್ತಾರೆ. ಒಳಗೆ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಅದು ಹೆಚ್ಚಾಗಿ ಸಮಯದ ಲೆಕ್ಕ.

ನಾನಿದ್ದ ಅಡುಗೆಮನೆಯಲ್ಲಿ ಮೂರು ಜನ. ಹಿಂದಿನ ರಾತ್ರಿಯೇ ಕೊಂಬು ಎಂಬ ಒಣ ಕಡಲಪಾಚಿಯನ್ನು ನೀರಿಗೆ ಹಾಕುತ್ತಿದ್ದೆವು. ಕ್ಯೋಟೋದಲ್ಲಿ ಹೊಕ್ಕೈಡೋದ ರಿಷಿರಿ ಕೊಂಬುವಿಗೆ ಮಾನ ಹೆಚ್ಚು, ಸಾರನ್ನು ಬಣ್ಣಗೆಡಿಸುವುದಿಲ್ಲ ಅಂತ. ಬೆಳಗ್ಗೆ ಅದನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಬಿಸಿಯಲ್ಲಿಟ್ಟು, ಕುದಿ ಬರುವ ಮುಂಚೆ ತೆಗೆಯಬೇಕು. ಕುದಿದರೆ ಲೋಳೆ, ಒಗರು. ಆಮೇಲೆ ಬಡಗಿಯ ಹತ್ತರಿಯನ್ನು ಮಗುಚಿ ಪೆಟ್ಟಿಗೆಗೆ ಕೂರಿಸಿದಂಥ ಸಾಧನದ ಮೇಲೆ ಕತ್ಸುಓಬುಶಿಯನ್ನು ಉಜ್ಜಿ ಎಳೆ ತೆಗೆಯುವುದು. ಶರಕ್ ಶರಕ್ ಎಂದು ಮರ ಹೆರೆದ ಸದ್ದೇ. ಆ ಗುಲಾಬಿ ಬಣ್ಣದ ಎಳೆಗಳನ್ನು ಬಿಸಿ ನೀರಿಗೆ ಹಾಕಿ, ಮುಳುಗುತ್ತಿದ್ದಂತೆ ಬಟ್ಟೆಯಲ್ಲಿ ಸೋಸಬೇಕು, ಹಿಂಡಬಾರದು. ಇದು ಮೊದಲ ದಾಶಿ, ಮುಚ್ಚಳದ ಬಟ್ಟಲಿಗೆ ಮೀಸಲು. ಉಳಿದ ಚರಟಕ್ಕೆ ಮತ್ತೆ ನೀರು ಹಾಕಿ ಕಾಯಿಸಿ ತೆಗೆಯುವುದು ಎರಡನೆಯದು, ಗೆಡ್ಡೆ ತರಕಾರಿ ಬೇಯಿಸಲು. ಸಂಜೆ ಆರಕ್ಕೆ ಅತಿಥಿ ಬಂದು ಕೂರುವಾಗ ಆ ನೀರು ಹತ್ತು ಪಾತ್ರೆಗಳಿಗೆ ಹಂಚಿಹೋಗಿರುತ್ತದೆ. ಕೆಸುವಿನ ಗೆಡ್ಡೆ ಬೆಳಗ್ಗೆಯಿಂದಲೇ ಅದರಲ್ಲಿ ನೆನೆದಿರುತ್ತದೆ. ಆಗ "ನಾನು ಸಸ್ಯಾಹಾರಿ" ಅಂದರೆ ಅಡುಗೆಯವನಿಗೆ ಉಳಿಯುವುದು ಬರೀ ಅನ್ನ ಮತ್ತು ಮುಜುಗರ.

ಇನ್ನೊಂದು ಕಾರಣ ರುಚಿಯದು. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನಶಾಸ್ತ್ರಜ್ಞ, ಕ್ಯೋಟೋದಲ್ಲೇ ಹುಟ್ಟಿದವರು, ಕೊಂಬುವಿನ ರುಚಿಯ ಮೂಲ ಗ್ಲುಟಮೇಟ್ ಎಂದು ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಪುಡಿಯಾಗಿ ಮಾರಾಟಕ್ಕೆ ಬಂತು. ನಮ್ಮ ಗೋಬಿ ಮಂಚೂರಿ ಗಾಡಿಯ ಅಜಿನೊಮೊಟೊ ಅದೇ, ಗಾಡಿಯವನನ್ನು ಬೈಯುವ ಮುಂಚೆ ಗೊತ್ತಿರಲಿ. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಕತ್ಸುಓಬುಶಿಯಲ್ಲಿ ಇನೋಸಿನೇಟ್ ಕಂಡರು. ಇವೆರಡೂ ನಾಲಿಗೆಯ ಮೇಲೆ ಕೂಡಿದಾಗ ರುಚಿ ಒಂದಕ್ಕೊಂದು ಸೇರಿ ಎರಡಾಗುವುದಿಲ್ಲ, ಹಲವು ಪಟ್ಟು ಏರುತ್ತದೆ. ಹಾಗಾಗಿ ಮೀನನ್ನು ತೆಗೆದರೆ ರುಚಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಬೀಳುತ್ತದೆ. ಕೈಸೆಕಿ ಅಡುಗೆಯವನಿಗೆ ಅಂಥ ಬಟ್ಟಲನ್ನು ತನ್ನ ಹೆಸರಿನಲ್ಲಿ ಬಡಿಸಲು ಮನಸ್ಸು ಬರುವುದಿಲ್ಲ.

ಇದಕ್ಕೆ ಉತ್ತರ ಮಠದ ಅಡುಗೆಮನೆಯಲ್ಲಿತ್ತು. ಒಣಗಿಸಿದ ಶಿಇತಾಕೆ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಮೂರನೆಯದೊಂದಿದೆ, ಕೊಂಬುವಿನ ಜೊತೆ ಸೇರಿ ಅದೂ ಹಾಗೆಯೇ ರುಚಿಯನ್ನು ಏರಿಸುತ್ತದೆ. ಪ್ರಯೋಗಶಾಲೆ ಇದನ್ನು ಹೇಳಿದ್ದು 1950ರ ದಶಕದ ಕೊನೆಯಲ್ಲಿ. ಸನ್ಯಾಸಿಗಳ ನಾಲಿಗೆಗೆ ಶತಮಾನಗಳ ಮುಂಚೆಯೇ ಗೊತ್ತಿತ್ತು. ಅಣಬೆಯ ಸಾರು ಕಪ್ಪಗೆ, ಗಂಧ ಜೋರು, ತಿಳಿಸಾರಿನ ನಾಜೂಕು ಅದಕ್ಕಿಲ್ಲ ಎಂದು ಕೈಸೆಕಿಯವರು ಮೂಗು ಮುರಿಯುತ್ತಾರೆ. ನನಗೇನೋ ಚಳಿಗಾಲದ ಸಂಜೆ ಅದೇ ಹೆಚ್ಚು ಹಿತ.

ಸರಿ, ನಿಮ್ಮ ಮುಂದಿರುವ ದಾರಿಗಳು.

ನನ್ನ ಮೊದಲ ಸಲಹೆ: ಆತಿಥೇಯರಿಗೆ ವಿಷಯ ತಿಳಿಸಿ, ಜಾಗವನ್ನೇ ಬದಲಾಯಿಸಲು ಬಿಡಿ. ಕ್ಯೋಟೋದಲ್ಲಿ ಶೋಜಿನ್ ಊಟಕ್ಕೆ ಒಳ್ಳೆಯ ಜಾಗಗಳಿವೆ. ಅರಶಿಯಾಮದ ತೆನ್‌ರ್‍ಯು-ಜಿ ದೇವಾಲಯದ ಆವರಣದಲ್ಲೇ ಶಿಗೆತ್ಸು ಎಂಬ ಊಟದ ಮನೆಯಿದೆ, ಕೆಂಪು ಬಣ್ಣದ ಬಟ್ಟಲುಗಳಲ್ಲಿ ಬಡಿಸುತ್ತಾರೆ. ದೈತೋಕು-ಜಿ ಒಳಗೆ ಇಝುಸೆನ್ ಇದೆ, ಅಲ್ಲಿ ಭಿಕ್ಷಾಪಾತ್ರೆಯ ಆಕಾರದ ಬಟ್ಟಲುಗಳು ಒಂದರೊಳಗೊಂದು ಕೂರುತ್ತವೆ. ಪಕ್ಕದ ಊರು ಉಜಿಯ ಮನ್‌ಪುಕು-ಜಿಯಲ್ಲಿ ಚೀನಾದಿಂದ ಬಂದ ಫೂಚಾ ಶೈಲಿ, ನಾಲ್ಕು ಜನ ಒಂದು ಮೇಜಿಗೆ ಕೂತು ದೊಡ್ಡ ತಟ್ಟೆಗಳಿಂದ ಹಂಚಿಕೊಂಡು ತಿನ್ನುವುದು. ಇದರ ಅಪಾಯಗಳೂ ಗೊತ್ತಿರಲಿ. ಇವೆಲ್ಲ ಮುಖ್ಯವಾಗಿ ಮಧ್ಯಾಹ್ನದ ಊಟದ ಜಾಗಗಳು, ರಾತ್ರಿಯ ಔತಣದ ಮೆರುಗು ಇರದು. ನವೆಂಬರ್ ಮಧ್ಯ ಅಂದರೆ ಮೇಪಲ್ ಎಲೆ ಕೆಂಪಾಗುವ ಕಾಲ, ಅರಶಿಯಾಮದಲ್ಲಿ ನಮ್ಮ ದಸರಾ ಜಂಬೂಸವಾರಿಯ ದಿನದಷ್ಟು ಜನ. ಮುಂಚೆಯೇ ಕಾದಿರಿಸದಿದ್ದರೆ ಸಿಗುವುದಿಲ್ಲ. ದೇವಾಲಯದ ಹೊರಗೆ "ಶೋಜಿನ್ ಶೈಲಿ" ಎಂದು ಬರೆದುಕೊಂಡಲ್ಲಿ ಮೊಟ್ಟೆಯೋ ಮೀನಿನ ದಾಶಿಯೋ ಇರುವುದುಂಟು, ಕೇಳಿಯೇ ಹೋಗಬೇಕು.

ಎರಡನೆಯದು, ಅದೇ ಎಂಟು ಆಸನದ ಹೋಟೆಲಿನಲ್ಲಿ ನಿಮಗಿಬ್ಬರಿಗೆ ಕೊಂಬು ಮತ್ತು ಶಿಇತಾಕೆ ದಾಶಿಯ ಊಟ ಕೇಳುವುದು. ಎರಡು ಮೂರು ವಾರ ಮುಂಚೆ, ಅದೂ ಅಲ್ಲಿಗೆ ಹೋಗಿಬರುವ ಆತಿಥೇಯರ ಬಾಯಿಂದ ಕೇಳಿಸಿದರೆ ಒಪ್ಪುವ ಸಾಧ್ಯತೆ ಚೆನ್ನಾಗಿದೆ. ಇಂಥ ಎಷ್ಟೋ ಮನೆಗಳು ಪರಿಚಯವಿಲ್ಲದ ಹೊಸಬರನ್ನು ಒಳಗೆ ಬಿಡುವುದೇ ಇಲ್ಲ, ಹಳೆಯ ಗಿರಾಕಿಯ ಮಾತಿಗೆ ಅಲ್ಲಿ ತೂಕ. ನವೆಂಬರ್ ನಿಮಗೆ ಅನುಕೂಲದ ಕಾಲ ಕೂಡ: ಶೋಗೊಇನ್ ಎಂಬ ತಲೆ ಗಾತ್ರದ ಬಿಳಿ ಟರ್ನಿಪ್, ಸೀಗಡಿಯ ಹಾಗೆ ಬಾಗಿರುವುದಕ್ಕೆ ಸೀಗಡಿಗೆಡ್ಡೆ ಎಂದೇ ಹೆಸರಾದ ಕೆಸು, ಗಿಂಕೊ ಬೀಜ, ಚೆಸ್ಟ್‌ನಟ್, ಪರ್ಸಿಮನ್ ಹಣ್ಣು. ಎಳ್ಳನ್ನು ಅರೆದು ಕೂಡ್ಜು ಗೆಡ್ಡೆಯ ಹಿಟ್ಟಿನೊಂದಿಗೆ ಕಾಯಿಸಿ ಕಟ್ಟಿದ ಎಳ್ಳಿನ ತೋಫು. ಮೂಲಂಗಿಯನ್ನು ಕೊಂಬು ನೀರಿನಲ್ಲಿ ಮೆತ್ತಗೆ ಬೇಯಿಸಿ ಮೇಲೆ ಯೂಜು ಬೆರೆಸಿದ ಮಿಸೊ (ಹುದುಗಿಸಿದ ಸೋಯಾ ಹಿಂಡಿ) ಹಾಕುವ ಫುರೊಫುಕಿ. ಕೈ ಚೆನ್ನಾಗಿದ್ದವರು ಇವಿಷ್ಟರಲ್ಲೇ ಹಬ್ಬ ಮಾಡುತ್ತಾರೆ. ಅಪಾಯ ಏನೆಂದರೆ, ಕರಿಯುವ ಎಣ್ಣೆ, ಸುಡುವ ಜಾಲರಿ, ಚಾಕು ಒಂದೇ. ನಿಮಗಾಗಿ ಬೇರೆ ಎಣ್ಣೆ ಇಡುವಷ್ಟು ಜಾಗ ಆ ಅಡುಗೆಮನೆಯಲ್ಲಿ ಇರುವುದಿಲ್ಲ. ಅದು ನಿಮಗೆ ಆಗದು ಅಂತಿದ್ದರೆ ಈ ದಾರಿ ಬಿಡಿ. ಇನ್ನೊಂದು, ಪಕ್ಕದಲ್ಲಿ ಆತಿಥೇಯರ ಮುಂದೆ ಏಡಿ ಇರುತ್ತದೆ. ಜಪಾನ್ ಸಮುದ್ರದ ಹಿಮ ಏಡಿಯ ಬೇಟೆ ಶುರುವಾಗುವುದೇ ನವೆಂಬರ್ 6ಕ್ಕೆ, ಕ್ಯೋಟೋದವರು ವರ್ಷವಿಡೀ ಕಾಯುವ ತಿಂಗಳು ಅದು. ಕಣ್ಣೆದುರು ಒಡೆಯುತ್ತಾರೆ.

ಮೂರನೆಯದು, ಮಗ ಹೇಳಿದ ದಾರಿ: ದಾಶಿಯನ್ನು ಲೆಕ್ಕಕ್ಕಿಡದೆ, ಕಾಣುವ ಮೀನನ್ನು ಬಿಟ್ಟು ತಿನ್ನುವುದು. ಇಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರು ಹಾಗೇ ಬದುಕುತ್ತಿದ್ದಾರೆ, ಅವರ ಬಗ್ಗೆ ನಾನು ಏನೂ ಹೇಳಲಾರೆ. ಅದು ನಿಮ್ಮಿಬ್ಬರ ತೀರ್ಮಾನ. ಆದರೆ ಗೊತ್ತಿದ್ದು ಮಾಡುವ ತೀರ್ಮಾನವಾಗಿರಲಿ, ಅರ್ಧ ಬಟ್ಟಲು ಕುಡಿದ ಮೇಲೆ ಗೊತ್ತಾಗುವ ಹಾಗಾಗದಿರಲಿ. ಮಗನಿಗೆ ತುಂಡು ದಾಟಿಸುವುದಂತೂ ಬೇಡವೇ ಬೇಡ. ಒಬ್ಬರ ಊಟದ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ದಾಟಿಸುವುದು ಇಲ್ಲಿ ಶವಸಂಸ್ಕಾರದ ನಂತರ ಅಸ್ಥಿ ಎತ್ತುವ ಕ್ರಮ. ಅನ್ನದಲ್ಲಿ ಕಡ್ಡಿ ನೆಟ್ಟಗೆ ನಿಲ್ಲಿಸುವುದೂ ಸತ್ತವರಿಗೆ ಇಡುವ ಎಡೆಯ ರೀತಿ. ಕಡ್ಡಿಯ ವಿಚಾರದಲ್ಲಿ ಈ ಎರಡು ನೆನಪಿದ್ದರೆ ಸಾಕು. ಹಿಡಿಯಲು ಬಾರದಿದ್ದರೆ ಚಮಚ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹೋಗಿ ಕೂತು, ಏನೂ ತಿನ್ನದೆ ಚಹಾ ಮಾತ್ರ ಕುಡಿದು ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಂಟು ಜನರ ಸಾಮಾನನ್ನು ಬೆಳಗ್ಗೆ ಎಣಿಸಿ ತಂದಿರುತ್ತಾರೆ. ಇಂಥ ಕಡೆ ಒಬ್ಬರ ರಾತ್ರಿಯೂಟಕ್ಕೆ 20,000 ಯೆನ್‌ನಿಂದ 40,000 ಯೆನ್ ಆಗುವುದು ಮಾಮೂಲು. ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಪೂರ್ತಿ ಹಣ ಹಿಡಿಯುವ ಮನೆಗಳೇ ಹೆಚ್ಚು. ಅದು ನಿಮ್ಮ ಆತಿಥೇಯರ ಜೇಬಿಂದ ಹೋಗುತ್ತದೆ.

ಅವಮಾನದ ಮಾತಿಗೆ ಈಗ ಬರುತ್ತೇನೆ. ನಿಮ್ಮ ಮಗ ಹೆದರುವುದರಲ್ಲಿ ಅರ್ಥವಿದೆ, ಹೆದರಬೇಕಾದ ಗಳಿಗೆಯನ್ನು ಮಾತ್ರ ತಪ್ಪಾಗಿ ಗುರುತಿಸಿದ್ದಾನೆ. ಮೂರು ವಾರ ಮುಂಚೆ "ನಮ್ಮ ತಂದೆ ತಾಯಿ ಇದನ್ನು ಉಣ್ಣುವುದಿಲ್ಲ" ಎಂದರೆ ಜಪಾನಿ ಆತಿಥೇಯರಿಗೆ ಅದು ಉಪಕಾರ, ಏರ್ಪಾಟು ಮಾಡಲು ಅವಕಾಶ ಸಿಕ್ಕಿತಲ್ಲ ಅಂತ. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಅಡುಗೆಯವನ ಎದುರು ಆತಿಥೇಯರ ಮುಖ ಕೆಡುತ್ತದೆ: ಅತಿಥಿಯ ಬಗ್ಗೆ ಇಷ್ಟೂ ವಿಚಾರಿಸದೆ ಕರೆತಂದೆನಲ್ಲ ಎಂದು. ನನ್ನ ಹುಬ್ಬಳ್ಳಿ ದಂಪತಿಯ ರಾತ್ರಿ ಎಲ್ಲರಿಗಿಂತ ಹೆಚ್ಚು ಕುಗ್ಗಿದವರು ಅಡುಗೆಯವರೇ.

ಮಗ ಕಳಿಸಬೇಕಾದ ಮಾತು ಹೀಗಿರಲಿ: "ನಿಕು, ಸಕಾನಾ, ಗ್ಯೋಕೈರುಯಿ, ತಮಾಗೋ ವಾ ತಬೆಮಾಸೆನ್. ಕತ್ಸುಓ ಯಾ ನಿಬೋಷಿ ನೋ ದಾಶಿ ಮೊ ತಬೆರಾರೆಮಾಸೆನ್. ಕೊಂಬು ತೊ ಶಿಇತಾಕೆ ನೋ ದಾಶಿ ನಾರಾ ದೈಜೋಬು ದೆಸು." ಮಾಂಸ, ಮೀನು, ಚಿಪ್ಪುಜೀವಿ, ಮೊಟ್ಟೆ ತಿನ್ನುವುದಿಲ್ಲ, ಕತ್ಸುಓ ಮತ್ತು ಒಣ ಸಣ್ಣಮೀನಿನ ದಾಶಿ ಕೂಡ ಆಗದು, ಕೊಂಬು ಮತ್ತು ಶಿಇತಾಕೆ ದಾಶಿಯಾದರೆ ಸರಿ ಎಂದರ್ಥ. ಕೊನೆಯ ವಾಕ್ಯವನ್ನು ಬಿಡಬೇಡಿ. ಏನು ಆಗದು ಎಂದಷ್ಟೇ ಹೇಳಿದರೆ ಅಡುಗೆಯವನು ಕೈಚೆಲ್ಲುತ್ತಾನೆ, ಏನು ಆಗುತ್ತದೆ ಎಂದರೆ ಯೋಚಿಸಲು ಶುರುಮಾಡುತ್ತಾನೆ. "ಅಲರ್ಜಿ" ಎಂಬ ಸುಳ್ಳು ಮಾತ್ರ ಬೇಡ. ಕೆಲವು ಏಜೆಂಟರು ಹಾಗೆ ಹೇಳಿಕೊಡುತ್ತಾರೆ. ಅಲರ್ಜಿ ಅಂದರೆ ಜೀವದ ಪ್ರಶ್ನೆ, ಒಂದೇ ಹಲಗೆಯ ಅಡುಗೆಮನೆಯವರು ಜಾಗವನ್ನೇ ಕೊಡುವುದಿಲ್ಲ.

ಅದೇ ಸಂದೇಶದಲ್ಲಿ ಯಜಮಾನರ ಮಂಡಿಯ ಮಾತೂ ಸೇರಿಸಿ: "ಹಿಝಾ ಗಾ ವಾರುಯಿ" ಎಂದರೆ ಸಾಕು. ಎಂಟು ಆಸನದ ಮನೆ ಎಂದರೆ ಹೆಚ್ಚಾಗಿ ಕುರ್ಚಿ ಹಾಕಿದ ಕೌಂಟರೇ ಇರುತ್ತದೆ. ತತಾಮಿ ಎಂಬ ಹುಲ್ಲುಚಾಪೆ ಹಾಸಿದ ಕೋಣೆಯಾದರೂ ಮೇಜಿನಡಿ ಕಾಲು ಇಳಿಬಿಡಲು ಗುಂಡಿ ಮಾಡಿದ್ದು, ಇಲ್ಲವೇ ಮೋಟು ಕುರ್ಚಿ ಸಿಗುತ್ತದೆ. ಕ್ಯೋಟೋದ ಹಿರಿಯರಿಗೂ ಮಂಡಿ ನೋವಿದೆ.

ಸಾಕೆ ಕಡ್ಡಾಯವಲ್ಲ. ಶುರುವಿನಲ್ಲಿ ಎಲ್ಲರೂ ಲೋಟ ಎತ್ತುವಾಗ ನೀವು ಚಹಾ ಲೋಟ ಎತ್ತಿ. ಅಡುಗೆಯಲ್ಲಿ ಮಾತ್ರ ಸಾಕೆ, ಮಿರಿನ್ ಎಂಬ ಸಿಹಿ ಮದ್ಯ ಹನಿ ಹನಿ ಬೀಳುತ್ತದೆ, ಕುದಿದಾಗ ಬಹುಪಾಲು ಹಾರಿಹೋಗುತ್ತದೆ, ಪೂರ್ತಿ ಅಲ್ಲ. ಅದೂ ಕೂಡದು ಅಂತಿದ್ದರೆ ಮುಂಚೆಯೇ ಬರೆಯಿರಿ.

ಹೊಟ್ಟೆ ತುಂಬದು ಎಂದವರು ಬಹುಶಃ ಅನ್ನ ಬರುವ ಮುಂಚೆ ಎದ್ದುಬಂದಿರಬೇಕು. ಎರಡು, ಎರಡೂವರೆ ಗಂಟೆಯ ಊಟ. ಕೊನೆಗೆ ಬಿಸಿ ಅನ್ನ, ಮಿಸೊ ಸಾರು, ಉಪ್ಪಿನಕಾಯಿ ಒಟ್ಟಿಗೆ ಬರುತ್ತವೆ, ನಮ್ಮ ಎಲೆಯ ಕೊನೆಗೆ ಮೊಸರನ್ನ ಬರುವ ಹಾಗೆ. ಹೆಚ್ಚಿನ ಕಡೆ ಅನ್ನ ಎರಡನೇ ಸಲ ಕೇಳಬಹುದು, ಕೇಳಿದರೆ ಸಂತೋಷಪಡುತ್ತಾರೆ. ಖಾರ ಮಾತ್ರ ಸಿಗದು, ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ಚಟ್ನಿಪುಡಿ ಸೂಟ್‌ಕೇಸಿನಲ್ಲಿರಲಿ, ಮಗನ ಮನೆಯ ಮೊಸರನ್ನಕ್ಕೆ. ಅಲ್ಲಿ ತೆಗೆದರೆ ಇಂಗು ಬೆಳ್ಳುಳ್ಳಿಯ ಗಂಧಕ್ಕೆ ಎಂಟೂ ಜನರ ಬಟ್ಟಲಿನ ಯೂಜು ಸತ್ತುಹೋಗುತ್ತದೆ. ಇದೇ ಕಾರಣಕ್ಕೆ ಸೆಂಟು ಹಾಕಿಕೊಳ್ಳಬೇಡಿ. ಮಲ್ಲಿಗೆ ಮುಡಿಯಬೇಡಿ ಅನ್ನಲು ನನಗೆ ಬೇಜಾರೇ, ಆದರೂ ಅವತ್ತೊಂದು ಸಂಜೆ ಬೇಡ. ರೇಷ್ಮೆ ಸೀರೆ ಉಡಿ, ಆ ಮನೆಯವರಿಗೇ ಸಂಭ್ರಮ. ಉಂಗುರ ತೆಗೆದಿಟ್ಟು ಬಳೆಯನ್ನು ಮೇಲಕ್ಕೆ ಸರಿಸಿಕೊಳ್ಳಿ, ಬಟ್ಟಲಿನ ಮೆರುಗು ಗೀರಾಗುತ್ತದೆ. ಬರಿಗಾಲಲ್ಲಿ ತತಾಮಿ ಮೆಟ್ಟುವುದು ಇಲ್ಲಿ ಅಷ್ಟು ಚೆನ್ನಾಗಿ ಕಾಣದು, ಒಂದು ಜೊತೆ ಹೊಸ ಕಾಲುಚೀಲ ಚೀಲದಲ್ಲಿರಲಿ. ಹತ್ತು ನಿಮಿಷ ಮುಂಚೆ ತಲುಪಿ, ಎಂಟೂ ಜನರಿಗೆ ಒಟ್ಟಿಗೆ ಶುರುವಾಗುತ್ತದೆ. ಬಿಲ್ಲಿಗೆ ಕೈ ಚಾಚಿ ನಮ್ಮೂರಿನ ಎಳೆದಾಟ ಮಾಡಬೇಡಿ, ಟಿಪ್ಸ್ ಇಡಬೇಡಿ.

ಯಾವ ದಾರಿ ಹಿಡಿದರೂ ಮುಚ್ಚಳದ ಬಟ್ಟಲು ಬರುತ್ತದೆ. ಉರುಶಿ ಮರದ ಹಾಲಿನಿಂದ ಮೆರುಗು ಕೊಟ್ಟ ಮರದ ಬಟ್ಟಲು, ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಮುಚ್ಚಳದ ಮೇಲೆ ಕೆಲವೊಮ್ಮೆ ನೀರಿನ ಸಣ್ಣ ಹನಿಗಳಿರುತ್ತವೆ. ಅದು ಬೇಕೆಂದೇ ಚಿಮುಕಿಸಿದ್ದು, ಅಡುಗೆಮನೆ ಬಿಟ್ಟ ಮೇಲೆ ಯಾರೂ ತೆರೆದಿಲ್ಲ ಎಂಬ ಗುರುತು. ಒಳಗಿನ ಬಿಸಿಗೆ ಮುಚ್ಚಳ ಕಚ್ಚಿಕೊಂಡಿರುತ್ತದೆ, ಎಳೆಯಬೇಡಿ. ಎಡಗೈಯಿಂದ ಬಟ್ಟಲಿನ ಅಂಚನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ, ಸುಯ್ಯೆಂದು ಗಾಳಿ ಒಳಹೋಗುತ್ತದೆ, ಆಗ ಬಲಗೈಯಿಂದ ಎತ್ತಿ. ಮುಚ್ಚಳದ ಒಳಬದಿಯನ್ನು ನೋಡಿ, ಚಿತ್ರ ಇರುವುದು ಹೆಚ್ಚಾಗಿ ಅಲ್ಲೇ. ಎರಡೂ ಕೈಯಲ್ಲಿ ಬಟ್ಟಲೆತ್ತಿ ನೇರ ಬಾಯಿಗಿಟ್ಟು ಕುಡಿಯಿರಿ, ಅದೇ ಇಲ್ಲಿನ ಕ್ರಮ. ಮುಗಿದ ಮೇಲೆ ಮುಚ್ಚಳವನ್ನು ಬಂದ ಹಾಗೆಯೇ ಮುಚ್ಚಿಡಿ, ಮಗುಚಿ ಇಡಬೇಡಿ.